ಬೆಂಚಿನ ಪದಕ, ಮೈದಾನದ ಗೋಲು

ಸ್ವಿಟ್ಜರ್ಲೆಂಡಿನ ಫುಟ್‌ಬಾಲ್ ಆಟಗಾರ ಜೆರ್ದಾನ್ ಶಾಕಿರಿ ಎರಡು ಸಲ ಚಾಂಪಿಯನ್ಸ್ ಲೀಗ್ ಗೆದ್ದಿದ್ದಾರೆ. 2013ರಲ್ಲಿ ಬೇಯರ್ನ್ ಮ್ಯೂನಿಕ್ ಪರ, 2019ರಲ್ಲಿ ಲಿವರ್‌ಪೂಲ್ ಪರ. ಎರಡೂ ಫೈನಲ್‌ಗಳಲ್ಲಿ ಒಂದು ನಿಮಿಷವೂ ಆಡದೆ ಬೆಂಚಿನಲ್ಲೇ ಕುಳಿತಿದ್ದರು. ಪ್ರತಿಭೆ ಬೇಕಾದಷ್ಟಿತ್ತು, ಮೈಬಗ್ಗಿಸಿ ದುಡಿಯಲಿಲ್ಲ ಎಂದು ತೀರ್ಪು ಕೊಡುವವರಿಗೆ ಇದೊಂದೇ ಸಾಕ್ಷಿ ಸಾಕಾಗಿಬಿಡುತ್ತದೆ. ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ದೊಡ್ಡ ಕ್ಲಬ್‌ಗಳು ಅವರಿಗೆ ಕಪ್ ಕೊಟ್ಟವು, ಚೆಂಡು ಕೊಡಲಿಲ್ಲ. ಆಟವೆಲ್ಲ ಅವರ ಎಡಗಾಲಿನ ಮೂಲಕವೇ ಹಾದುಹೋಗಲಿ ಎಂದು ಬಿಟ್ಟ ತಂಡಗಳಲ್ಲಿ ಅವರು ತಮ್ಮ ತಲೆಮಾರಿನ ಅಪರೂಪದ ಆಟಗಾರರಾಗಿ ಕಾಣುತ್ತಾರೆ.

1991ರಲ್ಲಿ ಕೊಸೊವೊದ ಜಿಲಾನ್‌ನಲ್ಲಿ, ಅಲ್ಬೇನಿಯನ್ ಕುಟುಂಬದಲ್ಲಿ ಹುಟ್ಟಿದವರು. ಮಗು ಎಳೆಯದಾಗಿರುವಾಗಲೇ ಮನೆಯವರು ಸ್ವಿಟ್ಜರ್ಲೆಂಡಿಗೆ ಬಂದು, ಬಾಸೆಲ್ ಪಕ್ಕದ ಆಗ್ಸ್ಟ್ ಎಂಬ ಊರಿನಲ್ಲಿ ನೆಲೆಸಿದರು. ತಾಯಿ ಕಚೇರಿಗಳನ್ನು ಶುಚಿಮಾಡುವ ಕೆಲಸಕ್ಕೆ ಹೋಗುತ್ತಿದ್ದರು, ಮಕ್ಕಳೂ ಕೈಜೋಡಿಸುತ್ತಿದ್ದರು. ಎಫ್‌ಸಿ ಬಾಸೆಲ್ ಆ ಹುಡುಗನನ್ನು ಬೆಳೆಸಿತು. 2010ರಿಂದ 2012ರವರೆಗೆ ಸತತ ಮೂರು ಲೀಗ್ ಪ್ರಶಸ್ತಿಗಳು ಬಂದವು. 2011ರ ಡಿಸೆಂಬರ್‌ನಲ್ಲಿ ಬಾಸೆಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ ಅನ್ನು 2–1ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್‌ನಿಂದಲೇ ಹೊರಗಟ್ಟಿತು. ಅಲೆಕ್ಸಾಂಡರ್ ಫ್ರೈ ತಲೆಕೊಟ್ಟು ಹೊಡೆದ ಎರಡನೇ ಗೋಲಿಗೆ ಚೆಂಡು ಬಂದದ್ದು ಶಾಕಿರಿಯ ಕಾಲಿನಿಂದ. ಆಗ ಅವರಿಗೆ ಇಪ್ಪತ್ತು ವರ್ಷ.

ಮುಂದಿನ ವರ್ಷ ಬೇಯರ್ನ್ ಸೇರಿದರು. ಅಲ್ಲಿ ಎರಡು ಅಂಚುಗಳಲ್ಲಿ ರಾಬೆನ್ ಮತ್ತು ರಿಬೆರಿ ಬೇರುಬಿಟ್ಟಿದ್ದರು. ಅಲ್ಲಿಂದ ಇಂಟರ್ ಮಿಲಾನ್, ಬಳಿಕ ಸ್ಟೋಕ್ ಸಿಟಿ. 2018ರಲ್ಲಿ ಸ್ಟೋಕ್ ಕೆಳಗಿನ ದರ್ಜೆಗೆ ಜಾರಿತು. ಆಮೇಲೆ ಲಿವರ್‌ಪೂಲ್. ಇಲ್ಲಿ ಟೀಕಾಕಾರರ ಮಾತಿನಲ್ಲಿ ಸತ್ಯವಿದೆ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳಲು ಮುಂಪಡೆಯೂ ಪೂರ್ತಿ ತೊಂಬತ್ತು ನಿಮಿಷ ಓಡುತ್ತಿರಬೇಕು ಎನ್ನುವುದು ಅಲ್ಲಿನ ಕೋಚ್ ಕ್ಲಾಪ್ ಅವರ ಆಟದ ಉಸಿರು. ಶಾಕಿರಿ ಹಾಗೆ ಓಡುವವರಲ್ಲ, ಓಡಲು ಕಲಿಯಲೂ ಇಲ್ಲ. ಆದರೆ ಅಲ್ಲಿನ ಮೊದಲ ಋತುವಿನ ಡಿಸೆಂಬರ್‌ನಲ್ಲಿ ಬದಲಿಯಾಗಿ ಇಳಿದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಎರಡು ಗೋಲು ಹೊಡೆದರು. ಎರಡೇ ದಿನಕ್ಕೆ ಯುನೈಟೆಡ್ ಕೋಚ್ ಮೊರಿನ್ಯೊ ಕೆಲಸ ಕಳೆದುಕೊಂಡರು. ಸಾಲಾ, ಫಿರ್ಮಿನೊ ಇಬ್ಬರೂ ಗಾಯಗೊಂಡಿದ್ದರಿಂದ ಬಾರ್ಸಿಲೋನಾ ವಿರುದ್ಧದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಆರಂಭದಿಂದಲೇ ಆಡಿದರು. 4–0 ಗೆಲುವಿನ ಆ ರಾತ್ರಿ ವೈನಾಲ್ಡಮ್ ತಲೆಯಿಂದ ಹೊಡೆದ ಮೂರನೇ ಗೋಲಿಗೆ ಚೆಂಡನ್ನು ಒಳಗೆ ಹಾಕಿದವರು ಅವರೇ. ಫೈನಲ್ಲಿನ ಬೆಂಚನ್ನು ಎತ್ತಿ ತೋರಿಸುವವರು ಆ ಸೆಮಿಫೈನಲ್ಲನ್ನು ಯಾಕೋ ಮರೆಯುತ್ತಾರೆ.

ಅವರ ನಿಜವಾದ ಕೃತಿ ಇರುವುದು ಸ್ವಿಸ್ ರಾಷ್ಟ್ರೀಯ ತಂಡದಲ್ಲಿ. 125 ಪಂದ್ಯ, 32 ಗೋಲು. 2014ರಿಂದ 2024ರವರೆಗೆ ನಡೆದ ಮೂರು ವಿಶ್ವಕಪ್, ಮೂರು ಯೂರೋ, ಆರರಲ್ಲೂ ಗೋಲು ಹೊಡೆದ ಆಟಗಾರ ಅವರೊಬ್ಬರೇ. 2014ರಲ್ಲಿ ಮನಾಸ್‌ನಲ್ಲಿ ಹೊಂಡುರಾಸ್ ವಿರುದ್ಧ ಹ್ಯಾಟ್ರಿಕ್. 2016ರ ಯೂರೋದಲ್ಲಿ ಪೋಲೆಂಡ್ ವಿರುದ್ಧ 82ನೇ ನಿಮಿಷದಲ್ಲಿ, ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿ, ಗೋಲಿಗೆ ಬೆನ್ನು ಮಾಡಿ ಗಾಳಿಯಲ್ಲಿ ಮಲಗಿ ಹೊಡೆದ ಬೈಸಿಕಲ್ ಕಿಕ್. ಆ ಪಂದ್ಯವನ್ನು ಸ್ವಿಟ್ಜರ್ಲೆಂಡ್ ಶೂಟೌಟ್‌ನಲ್ಲಿ ಸೋತಿತು, ಆದರೆ ಆ ಯೂರೋ ನೆನೆದರೆ ನನ್ನ ಕಣ್ಣಮುಂದೆ ಮೊದಲು ಬರುವುದು ಆ ಗೋಲೇ. ಅವರ ಎತ್ತರ 169 ಸೆಂ.ಮೀ., ದಪ್ಪ ಮೀನಖಂಡ. ಕಾಲನ್ನು ತೀರಾ ಹಿಂದಕ್ಕೆ ಬೀಸದೆ ಹೊಡೆಯುತ್ತಾರೆ. ಹಾಗಾಗಿ ಹೊಡೆತ ಬರುವುದು ಎದುರಿನವರಿಗೆ ಗೊತ್ತಾಗುವುದೇ ತಡವಾಗಿ.

2018ರ ವಿಶ್ವಕಪ್‌ನ ಒಂದು ಗೋಲನ್ನು ಬರೀ ಗೋಲಾಗಿ ಯಾರೂ ಚರ್ಚಿಸಲಿಲ್ಲ ಎಂಬ ಕೊರಗು ನನಗಿದೆ. ಕಲಿನಿನ್‌ಗ್ರಾದ್, ಸೆರ್ಬಿಯಾ ವಿರುದ್ಧ 1–1, ತೊಂಬತ್ತನೇ ನಿಮಿಷ. ಮೈದಾನದ ಮಧ್ಯದಿಂದ ಒಬ್ಬರೇ ಓಡಿ, ಬೆನ್ನಟ್ಟಿದ ರಕ್ಷಕನನ್ನು ಹಿಂದೆ ಬಿಟ್ಟು, ಗೋಲ್‌ಕೀಪರ್ ಕೆಳಗಿನಿಂದ ಚೆಂಡನ್ನು ತೂರಿಸಿದರು. ಓಡುವುದಿಲ್ಲ ಎನ್ನಿಸಿಕೊಂಡವರ ಓಟ ಅದು! ಬಳಿಕ ಎರಡೂ ಕೈ ಎದೆಗೆ ಅಡ್ಡ ಇಟ್ಟು ಅಲ್ಬೇನಿಯಾದ ಎರಡು ತಲೆಯ ಹದ್ದನ್ನು ತೋರಿಸಿದರು. ಮೊದಲ ಗೋಲು ಹೊಡೆದ ಗ್ರಾನಿತ್ ಜಾಕಾ ಕೂಡ ಅದನ್ನೇ ಮಾಡಿದ್ದರು. ಶಾಕಿರಿಯ ಒಂದು ಬೂಟಿನ ಮೇಲೆ ಸ್ವಿಸ್ ಧ್ವಜ, ಇನ್ನೊಂದರ ಮೇಲೆ ಕೊಸೊವೊ ಧ್ವಜ ಇತ್ತು. ಫಿಫಾ ಇಬ್ಬರಿಗೂ 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ದ್ವಿಪೌರತ್ವದ ಆಟಗಾರರು ನಮಗೆ ಬೇಕೇ ಎಂದು ಸ್ವಿಸ್ ಫುಟ್‌ಬಾಲ್ ಸಂಘದ ಪ್ರಧಾನ ಕಾರ್ಯದರ್ಶಿಯೇ ಕೇಳಿದರು. ಕೊಸೊವೊವನ್ನು ದೇಶವೆಂದು ಒಪ್ಪದ ಸೆರ್ಬಿಯಾವನ್ನು ಕೆಣಕುವ ಸಂಜ್ಞೆ ಅದು, ನಿಜ. ಆದರೆ ಊರು ಬಿಟ್ಟು ಬಂದವರ ಮಗ ಸೆರ್ಬಿಯಾ ವಿರುದ್ಧ ಕೊನೆಯ ನಿಮಿಷದಲ್ಲಿ ಗೆಲ್ಲಿಸಿದಾಗ ಮನೆಯ ನೆನಪು ಕೈಗೆ ಬರಬಾರದು ಎನ್ನುವುದು ನನ್ನಿಂದಾಗದು. ಇದೇ ಶಾಕಿರಿ ಸ್ವಿಟ್ಜರ್ಲೆಂಡಿಗಾಗಿ ಅಲ್ಬೇನಿಯಾ ವಿರುದ್ಧವೂ ಗೋಲು ಹೊಡೆದಿದ್ದಾರೆ. 2016ರಲ್ಲಿ ಕೊಸೊವೊಗೆ ಫಿಫಾ ಸದಸ್ಯತ್ವ ಸಿಕ್ಕ ಮೇಲೂ ಸ್ವಿಸ್ ಅಂಗಿಯಲ್ಲೇ ಉಳಿದರು. ನಿಷ್ಠೆಯ ಪ್ರಶ್ನೆ ಕೇಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು.

ನನ್ನ ವಾದಕ್ಕೆ ತೊಡಕಾಗುವುದು ಅಮೆರಿಕದ ಲೀಗ್‌ನ ಶಿಕಾಗೊ ತಂಡ. 2022ರಲ್ಲಿ ಅಲ್ಲಿಗೆ ಹೋದಾಗ ತಂಡವೇ ಅವರ ಸುತ್ತ ಕಟ್ಟಿದಂತಿತ್ತು. ಆದರೂ ಅವರಿದ್ದಷ್ಟು ಕಾಲ ಶಿಕಾಗೊ ಪ್ಲೇಆಫ್ ಮುಟ್ಟಲಿಲ್ಲ. ಚೆಂಡು ಕೊಟ್ಟರಷ್ಟೇ ಸಾಲದು, ಅವರು ಹಾಕುವ ಪಾಸಿಗೆ ಮುಂದೆ ನುಗ್ಗುವವರೂ ಬೇಕು. ಸ್ವಿಸ್ ತಂಡದಲ್ಲಿ ಸೆಫೆರೊವಿಚ್, ಎಂಬೊಲೊ ಆ ಕೆಲಸ ಮಾಡಿದರು. ಶಿಕಾಗೊದ ವರ್ಷಗಳನ್ನು ನಾನು ಅವರ ಸೋಲೆಂದೇ ಬರೆಯುತ್ತೇನೆ.

2024ರ ಯೂರೋದಲ್ಲಿ ಕೋಚ್ ಯಾಕಿನ್ ಮೊದಲ ಪಂದ್ಯದಲ್ಲಿ ಅವರನ್ನು ಇಳಿಸಲೇ ಇಲ್ಲ. ಎರಡನೆಯದು ಕಲೋನ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ. ಸ್ಕಾಟಿಷ್ ರಕ್ಷಕ ತಪ್ಪಿ ಹಿಂದಕ್ಕೆ ತಳ್ಳಿದ ಚೆಂಡನ್ನು, ನಿಲ್ಲಿಸಿಕೊಳ್ಳದೆ, ದೂರದಿಂದಲೇ ಎಡಗಾಲಿನಲ್ಲಿ ಮೇಲಿನ ಮೂಲೆಗೆ ಬಾರಿಸಿದರು. ಆ ಬೇಸಿಗೆಯಲ್ಲೇ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿ ಬಾಸೆಲ್‌ಗೆ ಮರಳಿದರು. ಮುಂದಿನ ಋತುವಿನಲ್ಲಿ 18 ಗೋಲು ಹೊಡೆದು ಲೀಗ್‌ನಲ್ಲಿ ಮೊದಲಿಗರಾದರು. 2017ರ ನಂತರ ಮೊದಲ ಸಲ ಲೀಗ್ ಬಾಸೆಲ್ ಪಾಲಾಯಿತು, ಸ್ವಿಸ್ ಕಪ್ ಕೂಡ ಬಂತು. ಸ್ವಿಸ್ ಲೀಗ್‌ನ ಮಟ್ಟವೇ ಅಷ್ಟು ಎಂದು ತಳ್ಳಿಹಾಕುವವರಿದ್ದಾರೆ. ಮಟ್ಟ ಇಂಗ್ಲೆಂಡಿನದಲ್ಲ, ಒಪ್ಪಿದೆ. ಆದರೆ ಮೂವತ್ತಮೂರರ ವಯಸ್ಸಿನಲ್ಲಿ, ತಂಡದ ಫ್ರೀ ಕಿಕ್, ಕಾರ್ನರ್, ಕೊನೆಯ ಪಾಸು ಎಲ್ಲ ತನ್ನ ಹೆಗಲ ಮೇಲಿದ್ದಾಗ ವಾರವಾರವೂ ಅದನ್ನು ಹೊತ್ತು ಗೆಲ್ಲಿಸಿದವರನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.