ನೇಕಾರನಿಲ್ಲದ ನಾಡಿನಲ್ಲಿ ವಸ್ತ್ರ

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ನಾಲ್ಕಾಗಿ ವಿಂಗಡಿಸಿ, ವೇಷಭೂಷಣಗಳನ್ನು ಆಹಾರ್ಯದಲ್ಲಿ ಸೇರಿಸಿದನು. ರಂಗಕ್ಕೆ ಬಂದ ಪಾತ್ರವು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅದರ ಉಡುಪು ಮಾತನಾಡತೊಡಗುತ್ತದೆ: ಪೀತಾಂಬರವು ರಾಜನನ್ನೂ ವಲ್ಕಲವು ತಾಪಸನನ್ನೂ ಸೂಚಿಸುತ್ತವೆ. ಆದರೆ ಈ ಮಾತೆಲ್ಲವೂ ನೋಡುವವನಿಗಾಗಿ. ಉಟ್ಟವನಿಗೆ ಚಳಿಯಾಗುವುದೋ ಸೆಕೆಯಾಗುವುದೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ವಸ್ತ್ರವು ಉಟ್ಟವನ ಮೈಗೆ ಏನು ಹೇಳುತ್ತದೆ ಎಂಬುದನ್ನೇ ವಿಷಯವನ್ನಾಗಿ ಮಾಡಿಕೊಂಡ ಒಂದು ದೃಶ್ಯಕೃತಿಯು ಈ ಕಾಲದಲ್ಲಿ ಹುಟ್ಟಿದೆ. ಅದು ನಾಟಕವಲ್ಲ, ಚಲಚ್ಚಿತ್ರವೂ ಅಲ್ಲ. ಗಣಕಯಂತ್ರದ ಮೇಲೆ ಆಡತಕ್ಕ ವಿಡಿಯೋ ಆಟ. ‘ದಿ ಲಾಂಗ್ ಡಾರ್ಕ್’, ಎಂದರೆ ದೀರ್ಘಾಂಧಕಾರ, ಎಂಬುದು ಅದರ ಹೆಸರು.

ಕೆನಡಾ ದೇಶದ ಹಿಂಟರ್‌ಲ್ಯಾಂಡ್ ಸಂಸ್ಥೆಯವರು ಇದನ್ನು 2014ರ ಸೆಪ್ಟೆಂಬರಿನಲ್ಲಿ ಅಪೂರ್ಣಾವಸ್ಥೆಯಲ್ಲಿಯೇ ಆಟಗಾರರ ಕೈಗೆ ಕೊಟ್ಟು, 2017ರ ಆಗಸ್ಟ್ 1ರಂದು ಪೂರ್ಣರೂಪದಲ್ಲಿ ಪ್ರಕಟಿಸಿದರು. ಅನಂತರವೂ ಅದಕ್ಕೆ ಹೊಸ ಹೊಸ ಸೇರ್ಪಡೆಗಳನ್ನು ಮಾಡುತ್ತ ಬಂದರು. ಭೂಕಾಂತಶಕ್ತಿಯ ಕ್ಷೋಭೆಯಿಂದ ವಿದ್ಯುತ್ತು ನಷ್ಟವಾಗಿ ಯಂತ್ರಗಳೆಲ್ಲ ಸ್ತಬ್ಧವಾಗಿವೆ. ಹಿಮ ಕವಿದ ‘ಗ್ರೇಟ್ ಬೇರ್’ ಎಂಬ ಕಲ್ಪಿತ ದ್ವೀಪದಲ್ಲಿ ಮನುಷ್ಯನೊಬ್ಬನು ಸಿಕ್ಕಿಕೊಂಡಿದ್ದಾನೆ. ಆಟಕ್ಕೆ ಎರಡು ವಿಭಾಗಗಳುಂಟು. ಒಂದರಲ್ಲಿ ಕಥೆಯಿದೆ, ಇನ್ನೊಂದರಲ್ಲಿ ಕಥೆಯಿಲ್ಲ, ಗೆಲ್ಲತಕ್ಕ ಶತ್ರುವಿಲ್ಲ, ಸೇರತಕ್ಕ ಊರಿಲ್ಲ, ಎಷ್ಟು ದಿನ ಜೀವ ಹಿಡಿದಿರುವುದೋ ಅಷ್ಟು ದಿನ ಆಟ. ಮೂಲ ನಿಯಮದಂತೆ, ಸತ್ತರೆ ಕೂಡಿಟ್ಟದ್ದೆಲ್ಲವೂ ಅಳಿದು ಮೊದಲಿನಿಂದಲೇ ಆರಂಭಿಸಬೇಕು. ಆಟದ ಕೀರ್ತಿಯು ಹೆಚ್ಚಾಗಿ ಈ ಎರಡನೆಯ ವಿಭಾಗವನ್ನೇ ಅವಲಂಬಿಸಿದೆ.

ಬಿಸಿಲಿಗೆ ಬೇಯುವ ಮುಧೋಳ ಜಮಖಂಡಿಗಳ ವಾಚಕರಿಗೆ ಈ ಚಳಿಯ ಕಲ್ಪನೆಯು ಸುಲಭವಲ್ಲವಾದರೂ ಲೆಕ್ಕವು ಸುಲಭವಾಗಿದೆ. ಎದೆಯ ಮೇಲೆ ಒಳಗೆ ಎರಡು, ಹೊರಗೆ ಎರಡು, ಹೀಗೆ ನಾಲ್ಕು ಪದರಗಳನ್ನು ತೊಡಬಹುದು. ಪ್ರತಿಯೊಂದು ಉಡುಪಿಗೂ ಬೆಚ್ಚಗಿನ ಗುಣವಿಷ್ಟು, ಗಾಳಿಯನ್ನು ತಡೆಯುವ ಗುಣವಿಷ್ಟು, ತೂಕವಿಷ್ಟು ಎಂಬ ನಿಯಮವಿದೆ. ದಪ್ಪ ಕೋಟು ಬೆಚ್ಚಗಿರುವುದು, ಆದರೆ ಭಾರ. ಬಳಲದೆ ಹೊರುವುದಕ್ಕೆ ಮೂಲತಃ 30 ಕಿಲೋಗ್ರಾಮಿನ ಮಿತಿಯಿರುವುದರಿಂದ ಕೋಟನ್ನು ಆರಿಸಿದವನು ಕಟ್ಟಿಗೆಯನ್ನೋ ಅನ್ನವನ್ನೋ ಬಿಡಬೇಕಾಗುವುದು. ಹಿಮ ಬಿದ್ದರೆ ಹೊರಪದರವು ಮೊದಲು ನೆನೆಯುತ್ತದೆ. ನೆನೆದದ್ದು ಹೊರಗಿನ ಶೀತಕ್ಕೆ ಹೆಪ್ಪುಗಟ್ಟುತ್ತದೆ. ಬೆಂಕಿಯ ಬಳಿ ಆರಿಸದೆ ಉಪಾಯವಿಲ್ಲ. ಅರಿವೆ ಜೀರ್ಣವಾದಷ್ಟೂ ಅದರ ಬೆಚ್ಚಗಿನ ಗುಣವು ಕುಗ್ಗುತ್ತದೆ. ತೇಪೆ ಹಾಕಲು ಸೂಜಿದಾರ ಬೇಕು, ಚಿಂದಿ ಬೇಕು. ಸೂಜಿದಾರದ ಪೆಟ್ಟಿಗೆಯೂ ಬಳಸಿದಂತೆ ಸವೆಯುತ್ತದೆ. ಕೈ ಪಳಗದವನ ಹೊಲಿಗೆಯು ಕೆಟ್ಟು ಚಿಂದಿಯು ವ್ಯರ್ಥವಾಗುವುದೂ ಉಂಟು. ಹೊಲಿಗೆಯನ್ನು ಕಲಿಸುವ ಪುಸ್ತಕವೊಂದು ದೊರೆಯುತ್ತದೆ. ಅದನ್ನು ಓದಲೂಬಹುದು, ಚಳಿಯು ಮಿತಿಮೀರಿದರೆ ಒಲೆಗೆ ಹಾಕಲೂಬಹುದು.

ಇಲ್ಲಿನ ಪ್ರಧಾನವಾದ ಧರ್ಮಸಂಕಟವು ತೋಳನ ಕಡಿತದಲ್ಲಿದೆ. ತೋಳನು ಮೇಲೆ ಬಿದ್ದಾಗ ಮೈಯಿಂದ ರಕ್ತ ಸೋರುತ್ತದೆ, ಉಡುಪೂ ಹರಿಯುತ್ತದೆ. ಗಾಯಕ್ಕೆ ಕಟ್ಟಲು ಅರಿವೆ ಬೇಕು, ಹರಿದದ್ದನ್ನು ಹೊಲಿಯಲೂ ಅರಿವೆಯೇ ಬೇಕು. ಇರುವುದು ಒಂದೇ ತುಂಡಾದರೆ ಮೊದಲು ಗಾಯಕ್ಕೆ ಕಟ್ಟದೆ ಗತಿಯಿಲ್ಲ. ಅಂಗಿಯ ಹರಕಿನಿಂದ ಚಳಿಯು ಒಳಹೊಗುತ್ತಲೇ ಇರುವುದು. ಆಗ ಪಾಳುಬಿದ್ದ ಮನೆಗಳ ಪರದೆಗಳನ್ನು ಹರಿಯಬೇಕು, ತೊಟ್ಟ ಬಟ್ಟೆಗಳಲ್ಲಿಯೇ ಒಂದನ್ನು ಕತ್ತರಿಸಿ ಇನ್ನೊಂದನ್ನು ಉಳಿಸಿಕೊಳ್ಳಬೇಕು. ಔಚಿತ್ಯವಿಚಾರ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕುವುದು ವಿರಳ. ಈ ಕೃತಿಯಲ್ಲಿ ಬೆಲೆಯಿಲ್ಲದ ಎಳೆಯೊಂದೂ ಇಲ್ಲ. ಸಾವು ಹಿಂತಿರುಗದ್ದಾಗಿರುವುದರಿಂದ ಕಾಲುಚೀಲದ ತೂತೂ ಭಯಾನಕರಸಕ್ಕೆ ವಿಭಾವವಾಗಿ ನಿಲ್ಲುತ್ತದೆ.

ಇದೆಲ್ಲ ಬರಿಯ ಲೆಕ್ಕಾಚಾರ, ಲೆಕ್ಕದಲ್ಲಿ ರಸವೆಲ್ಲಿಯದು ಎಂದು ಹಿರಿಯರು ಆಕ್ಷೇಪಿಸಬಹುದು. ಆ ಆಕ್ಷೇಪವು ನಿಲ್ಲತಕ್ಕದ್ದಲ್ಲ. ಗೃಹಿಣಿಯ ವಿವೇಕವೂ ಲೆಕ್ಕವೇ. 1943ರಲ್ಲಿ ಅರಿವೆ ಮತ್ತು ನೂಲುಗಳ ಮೇಲೆ ಸರಕಾರದ ನಿಯಂತ್ರಣ ಬಂದ ಯುದ್ಧಕಾಲದಲ್ಲಿ ಆ ಲೆಕ್ಕವೇ ಮನೆಗಳ ಮಾನವನ್ನು ಕಾಯಿತು. ಈ ಸೀಮೆಯ ಕೌದಿಯನ್ನೇ ನೋಡಬಹುದು. ಉಟ್ಟು ಸವೆದ ಸೀರೆಗಳಲ್ಲಿ ಗಟ್ಟಿ ಉಳಿದ ಭಾಗವನ್ನು ಆರಿಸಿ, ಪದರದ ಮೇಲೆ ಪದರವಿಟ್ಟು, ಅಂಚಿನಿಂದ ಅಂಚಿಗೆ ಸಣ್ಣ ಹೊಲಿಗೆ ಹಾಕಿದರೆ ಕೌದಿಯಾಗುತ್ತದೆ. ಅದಕ್ಕೂ ಬಾರದ ಚೂರು ಒರಸುವ ಅರಿವೆಯಾಗುತ್ತದೆ. ಈ ಆಟವು ಯೌವನಸ್ಥರಿಗೆ ಭಯದ ಮೂಲಕ ಕಲಿಸುವ ಪಾಠವನ್ನು ಕೌದಿ ಹೊಲಿಯುವ ಅಜ್ಜಿಯು ಭಯವಿಲ್ಲದೆ ಬಲ್ಲಳು. ಅಂಗಡಿಯಲ್ಲಿ ಬೇಕಾದ್ದು ಬೇಕಾದಾಗ ದೊರೆಯುವ ಕಾಲದ ತರುಣನು ಒಂದು ಗುಂಡಿ ಕಿತ್ತ ಅಂಗಿಯನ್ನು ಎಸೆಯುವ ಮೊದಲು ಕ್ಷಣಕಾಲ ನಿಂತರೆ, ಆಟವು ಅಷ್ಟರಮಟ್ಟಿಗೆ ಸಾರ್ಥಕವೆನ್ನಬೇಕು.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳತಕ್ಕದ್ದು. ಆ ದ್ವೀಪದಲ್ಲಿ ವಸ್ತ್ರವು ‘ಸಿಕ್ಕುವ’ ಪದಾರ್ಥವೇ ಹೊರತು ‘ನೆಯ್ದ’ ಪದಾರ್ಥವಲ್ಲ. ಅಲ್ಲಿ ಅರಳೆಯ ಹೊಲವಿಲ್ಲ, ನೂಲಿಲ್ಲ, ಮಗ್ಗವಿಲ್ಲ. ಇದ್ದ ಬಟ್ಟೆಯು ಸವೆಯುತ್ತ ಬಂದಾಗ ಮನುಷ್ಯನು ಮೊಲದ, ಜಿಂಕೆಯ, ತೋಳನ, ಕರಡಿಯ ತೊಗಲುಗಳನ್ನು ಸುಲಿದು, ದಿನಗಟ್ಟಲೆ ಆರಿಸಿ, ಕರುಳನ್ನೇ ದಾರ ಮಾಡಿಕೊಂಡು ಉಡುಪನ್ನು ಹೊಲಿದುಕೊಳ್ಳುತ್ತಾನೆ. ಎಂದರೆ ನೇಕಾರನು ಹುಟ್ಟುವುದಕ್ಕೆ ಮುಂಚಿನ ಕಾಲಕ್ಕೆ ಮರಳುತ್ತಾನೆ. ಕೃತಿಕಾರರು ಇದನ್ನು ಮನುಷ್ಯನ ಸಾಹಸವೆಂದು ತೋರಿಸಿದ್ದಾರೆ. ರಬಕವಿ ಬನಹಟ್ಟಿಗಳ ವಾಚಕನಿಗಾದರೋ ಇದು ಪರಾಜಯದಂತೆ ಕಾಣದಿರದು. ನೂಲಿಗೆ ಬಣ್ಣ ಹಾಕುವವರು, ಕಂಡಿಕೆ ಸುತ್ತುವವರು, ಹಾಸು ಹೂಡುವವರು, ಮಗ್ಗ ನಡೆಯಿಸುವವರು, ಇಷ್ಟು ಜನರ ಕೈ ಕೂಡಿದಾಗ ಒಂದು ಸೀರೆ ಆಗುತ್ತದೆಂಬುದನ್ನು ಆ ಊರುಗಳ ಮಕ್ಕಳೂ ಬಲ್ಲರು. ಒಬ್ಬಂಟಿಗನು ತೊಗಲನ್ನು ಹೊಲಿಯಬಲ್ಲನು. ವಸ್ತ್ರವನ್ನು ನೆಯ್ಯುವುದಕ್ಕೆ ಸಮಾಜವೇ ಬೇಕು.

ಅಭಾವವೆಂಬುದು ವಸ್ತುವಿನ ಕೊರತೆ ಮಾತ್ರವೆಂಬ ಭಾವನೆಯೂ ಈ ಆಟದಲ್ಲಿ ಬೇರೂರಿದೆ. ಲೋಕದ ಅನುಭವವು ಬೇರೆ. 2020ರಲ್ಲಿ ಕೊರೋನಾ ರೋಗದ ಲಾಕ್‌ಡೌನಿನ ಕಾಲಕ್ಕೆ ರಬಕವಿ ಬನಹಟ್ಟಿಗಳ ಮಗ್ಗಗಳು ನಿಂತಾಗ, ನೆಯ್ದ ಸೀರೆಗಳು ಮನೆಯಲ್ಲಿ ಒಟ್ಟಿಕೊಂಡಿದ್ದರೂ ನೆಯ್ದವರ ಒಲೆಗೆ ತತ್ವಾರ ಬಂದಿತು. ವಸ್ತ್ರವಿತ್ತು, ಕೊಳ್ಳುವವನಿರಲಿಲ್ಲ. ಪರದೆಯನ್ನು ಹರಿದು ಬದುಕುವ ನಾಯಕನಿಗೆ ಈ ಬಗೆಯ ದೈನ್ಯವು ತಿಳಿಯಲಾರದು.

ಇದಕ್ಕಿಂತ ದೊಡ್ಡ ಕೊರತೆಯೊಂದುಂಟು. ಮಹಾಭಾರತದ ವನಪರ್ವದಲ್ಲಿ ರಾಜ್ಯವನ್ನು ಕಳೆದುಕೊಂಡ ನಲನು ಹಕ್ಕಿಗಳನ್ನು ಹಿಡಿಯಲು ಉಟ್ಟ ವಸ್ತ್ರವನ್ನೇ ಬೀಸುತ್ತಾನೆ. ಹಕ್ಕಿಗಳು ಅದನ್ನು ಹೊತ್ತು ಹಾರಿಹೋಗುತ್ತವೆ. ಆಮೇಲೆ ದಂಪತಿಗಳಿಬ್ಬರಿಗೂ ಒಂದೇ ವಸ್ತ್ರ. ಮಲಗಿದ ದಮಯಂತಿಯ ಸೀರೆಯಲ್ಲಿ ಅರ್ಧವನ್ನು ಕತ್ತರಿಸಿಕೊಂಡು ನಲನು ಹೊರಟುಹೋಗುತ್ತಾನೆ. ಅಲ್ಲಿಯೂ ಅಡವಿ, ಅಲ್ಲಿಯೂ ಅರಿವೆಯ ಅಭಾವ. ಆದರೆ ಆ ಅರ್ಧವಸ್ತ್ರವು ಕರುಣರಸದ ಸಮುದ್ರವನ್ನೇ ತುಂಬಿಕೊಂಡಿದೆ. ಕಾರಣವೇನೆಂದರೆ, ಉಳಿದ ಅರ್ಧವು ಇನ್ನೊಬ್ಬರ ಮೈಮೇಲಿದೆ. ಕತ್ತರಿಸಿದ್ದು ಬಟ್ಟೆಯನ್ನಷ್ಟೇ ಅಲ್ಲವೆಂಬುದನ್ನು ಓದುವವನು ತಿಳಿಯುತ್ತಾನೆ. ದೀರ್ಘಾಂಧಕಾರದ ಒಂಟಿ ಮನುಷ್ಯನು ಕತ್ತರಿಸುವಾಗ ಬಟ್ಟೆ ಮಾತ್ರ ಕತ್ತರಿಸುತ್ತದೆ. ಆಟದ ಕಥಾವಿಭಾಗದಲ್ಲಿ ನಾಯಕನು ಕಣ್ಣು ಕಾಣದ ಮುದುಕಿಯೊಬ್ಬಳಿಗೆ ಕಟ್ಟಿಗೆ ಆಹಾರಗಳನ್ನು ತಂದೊದಗಿಸುವ ಭಾಗವಿದೆ. ಅಲ್ಲಿ ಅದೇ ಕಟ್ಟಿಗೆ, ಅದೇ ಆಹಾರ, ಹೊಸ ತೂಕವನ್ನು ಪಡೆಯುತ್ತವೆ. ಕೃತಿಕಾರರಿಗೆ ಈ ಮರ್ಮವು ತಿಳಿಯದೆ ಇಲ್ಲ. ತಮ್ಮ ಪ್ರಸಿದ್ಧವಾದ ವಿಭಾಗದಿಂದ ಅದನ್ನು ಹೊರಗಿಟ್ಟರು, ಅಷ್ಟೆ.

2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಜಮಖಂಡಿ, ಮುಧೋಳ, ಬೀಳಗಿ ಸೀಮೆಗಳ ಹಳ್ಳಿಗಳನ್ನು ನೀರು ಹೊಕ್ಕಿತು. ಕೈಗೆ ಸಿಕ್ಕಷ್ಟನ್ನು ಹೊತ್ತು ಮನೆ ಬಿಟ್ಟವರಿಗೆ ಬೇಕಾಗಿದ್ದ ಮೊದಲ ಪದಾರ್ಥಗಳಲ್ಲಿ ಒಣ ಅರಿವೆಯೂ ಒಂದು. ಕೈಯಲ್ಲೇನು ಹೊರಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆಯು ಅಂದು ಆಟದ್ದಾಗಿರಲಿಲ್ಲ. ಪರಿಹಾರವಾದರೋ ಪಾಳುಮನೆಯ ಪರದೆಯಿಂದ ಬರಲಿಲ್ಲ; ಪರವೂರಿನವರು ತಮ್ಮ ಪೆಟ್ಟಿಗೆಗಳಿಂದ ತೆಗೆದು ಕೊಟ್ಟ ಬಟ್ಟೆ ಹೊದಿಕೆಗಳಿಂದ ಬಂದಿತು.

ಒಟ್ಟಿನಲ್ಲಿ ‘ದಿ ಲಾಂಗ್ ಡಾರ್ಕ್’ ಎಂಬುದು ಸತ್ಯನಿಷ್ಠವಾದ, ಆಡಂಬರವಿಲ್ಲದ ಕೃತಿ. ಒಂದು ತುಂಡು ಬಟ್ಟೆಯ ಬೆಲೆಯನ್ನು ಅದು ತೋರಿಸಿಕೊಟ್ಟಂತೆ ಅದರ ಜೊತೆಯ ಕೃತಿಗಳು ತೋರಿಸುವುದು ಅಪರೂಪ. ಭಯಾನಕದಲ್ಲಿ ಅದು ಸಿದ್ಧಿಯನ್ನು ಪಡೆದಿದೆ. ಕರುಣದ ಹೊಸ್ತಿಲಿನಲ್ಲಿ ನಿಂತಿದೆ. ಬಟ್ಟೆಯನ್ನು ಉಳಿಸಿಕೊಳ್ಳುವ ಬಗೆಯನ್ನು ಮಕ್ಕಳು ಅದರಿಂದ ಕಲಿಯಲಿ. ಬಟ್ಟೆಯು ಎಲ್ಲಿಂದ ಬರುತ್ತದೆ, ಯಾರಿಗೆ ಹೊದಿಸತಕ್ಕದ್ದು ಎಂಬೆರಡನ್ನು ಕಲಿಯುವುದಕ್ಕೆ ಬನಹಟ್ಟಿಯ ಮಗ್ಗವೂ ಮನೆಯ ಕೌದಿಯೂ ಇನ್ನೂ ಹತ್ತಿರದಲ್ಲಿಯೇ ಇವೆ.