ಚೌಕುಳಿ ಉಡುಪು ಮತ್ತು ಅದರೊಳಗಿನ ಹಾಡು

ಊರು ಬಿಟ್ಟವರಿಗೆ ಹಾಡಿನಷ್ಟು ಹತ್ತಿರದ ಆಸರೆ ಬೇರೊಂದಿಲ್ಲ. ಆದರೆ ಆ ಹಾಡು ನಮಗೆ ಊರನ್ನು ತೋರಿಸುತ್ತಿದೆಯೋ ಅಥವಾ ನಮ್ಮ ಹಂಬಲವನ್ನಷ್ಟೇ ಮುದ್ದಿಸುತ್ತಿದೆಯೋ ಎಂದು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಸ್ಕಾಟ್ಲೆಂಡಿನ ವಿಮರ್ಶಕರು ತಮ್ಮ ದೂರದರ್ಶನದ ಮನರಂಜನೆಯ ನೆಪದಲ್ಲಿ ಈ ಪ್ರಶ್ನೆಯನ್ನು ಕಟುವಾಗಿಯೇ ಕೇಳಿಕೊಂಡರು. ಆ ವಾದ ನಮ್ಮಂಥವರಿಗೂ ಬೇಕಾದದ್ದು.

ವಾದದ ನಡುವೆ ನಿಂತ ಕಾರ್ಯಕ್ರಮ ‘ದಿ ವೈಟ್ ಹೀದರ್ ಕ್ಲಬ್’. ಬಿ.ಬಿ.ಸಿ. ಇದನ್ನು 1958ರಿಂದ 1968ರವರೆಗೆ ಪ್ರಸಾರ ಮಾಡಿತು. ಹೀದರ್ ಎಂಬುದು ಅಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಹೂವಿನ ಪೊದೆ. ಬಿಳಿಯ ಹೂ ಸಿಕ್ಕರೆ ಶುಭವೆಂಬ ನಂಬಿಕೆ. ಕಿಲ್ಟ್ ಎಂಬ ನೆರಿಗೆಯುಡುಪು ತೊಟ್ಟ ಗಂಡಸರು, ಬಿಳಿಯ ಉಡುಗೆಯ ಮೇಲೆ ಚೌಕುಳಿ ಪಟ್ಟಿ ಹೊದ್ದ ಹೆಂಗಸರು, ಗುಂಪು ಕುಣಿತ, ಆಂಡಿ ಸ್ಟೂವರ್ಟರ ಹಾಡು ಮತ್ತು ನಗೆಮಾತು, ಜಿಮ್ಮಿ ಶ್ಯಾಂಡರ ಅಕಾರ್ಡಿಯನ್ ವಾದ್ಯವೃಂದ: ಇಷ್ಟು ಅದರ ಸರಕು. ಎಲ್ಲವೂ ಚೊಕ್ಕಟ, ಎಲ್ಲರೂ ಸಂತುಷ್ಟರು. ನೋಡುವವನಿಗೆ ಒಂದು ಮದುವೆಮನೆಗೆ ಹೋಗಿಬಂದ ಹಾಗೆ.

ಆಕ್ಷೇಪ ಹುಟ್ಟಿದ್ದು ಈ ಸಂತೋಷದ ಬಗೆಗೇ. ಕಾಲಿನ್ ಮ್ಯಾಕಾರ್ಥರ್ ಸಂಪಾದಿಸಿದ ‘ಸ್ಕಾಚ್ ರೀಲ್ಸ್’ ಎಂಬ ಲೇಖನ ಸಂಗ್ರಹ 1982ರಲ್ಲಿ ಬಂತು. ಸಿನಿಮಾ ಮತ್ತು ಟೆಲಿವಿಷನ್ ಕಟ್ಟಿಕೊಟ್ಟ ಚೌಕುಳಿ ಬಟ್ಟೆಯ ಸ್ಕಾಟ್ಲೆಂಡನ್ನು ಅದು ಪ್ರಶ್ನಿಸಿತು. ಈ ಉಡುಪಿನ ಚರಿತ್ರೆಯೇ ಆ ಅನುಮಾನಕ್ಕೆ ಎಡೆಗೊಡುತ್ತದೆ. ಗುಡ್ಡನಾಡಿನವರ ದಂಗೆಯನ್ನು ಅಡಗಿಸಿದ ಸರ್ಕಾರ 1746ರ ಕಾನೂನಿನಲ್ಲಿ ಅವರ ಉಡುಪನ್ನು ನಿಷೇಧಿಸಿತು. 1782ರಲ್ಲಿ ನಿಷೇಧ ರದ್ದಾಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ವೈಭವದಲ್ಲಿ ಅದೇ ಉಡುಪು ಇಡೀ ನಾಡಿನ ಗುರುತಾಯಿತು. ಸೋತವರ ಬಟ್ಟೆ ಗೆದ್ದವರ ಮೆರವಣಿಗೆಯಲ್ಲಿ ಬಂದದ್ದು ಹೀಗೆ. ಗ್ಲಾಸ್ಗೋದ ಹಡಗುಕಟ್ಟೆ, ಫೈಫಿನ ಕಲ್ಲಿದ್ದಲ ಗಣಿಗಳ ಬೆವರಿಗೆ ಆ ಮೆರವಣಿಗೆಯಲ್ಲಿ ಜಾಗವಿರಲಿಲ್ಲ; ಬಿಳಿ ಹೀದರಿನ ಕೂಟದಲ್ಲಿಯೂ ಇರಲಿಲ್ಲ.

ಬಿಟ್ಟುಹೋದದ್ದು ಬೆವರು ಮಾತ್ರವಲ್ಲ, ಹಾಡು ಕೂಡ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಸ್ಕಾಟಿಷ್ ಅಧ್ಯಯನ ಕೇಂದ್ರ ಆರಂಭವಾಯಿತು. ಅದರ ಹ್ಯಾಮಿಷ್ ಹೆಂಡರ್‌ಸನ್ 1953ರಲ್ಲಿ ಅಬರ್ಡೀನಿನಲ್ಲಿ ಜೀನಿ ರಾಬರ್ಟ್‌ಸನ್ ಎಂಬಾಕೆಯನ್ನು ಕಂಡರು. ಆಕೆ ಅಲೆಮಾರಿ ಸಮುದಾಯದವರು. ತಾಯಿಯಿಂದ ಬಂದ ದೀರ್ಘ ಕಥನಗೀತಗಳನ್ನು ಯಾವ ವಾದ್ಯದ ನೆರವೂ ಇಲ್ಲದೆ ಹಾಡುತ್ತಿದ್ದರು. ಕೊಲೆ, ವಂಚನೆ, ಅಗಲಿಕೆಗಳ ಆ ಹಾಡುಗಳಿಗೆ ಬಿಡುವು ಬೇಕು, ಮೌನ ಬೇಕು. ಮೂರು ನಿಮಿಷಕ್ಕೊಮ್ಮೆ ಚಪ್ಪಾಳೆ ಬಯಸುವ ವೇದಿಕೆ ಅವನ್ನು ತಾಳಿಕೊಳ್ಳಲಾರದು.

ಇಷ್ಟೆಲ್ಲ ಒಪ್ಪಿದ ಮೇಲೂ ವಿಮರ್ಶಕರ ತೀರ್ಪು ಅರೆಬರೆಯೆಂದೇ ಹೇಳಬೇಕು. ಜಿಮ್ಮಿ ಶ್ಯಾಂಡರನ್ನೇ ನೋಡಿ. 1908ರಲ್ಲಿ ಫೈಫಿನಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ಗಣಿಗೆ ಇಳಿದವರು. 1926ರ ಮಹಾಮುಷ್ಕರದ ನಂತರ ಗಣಿಯ ದಾರಿ ಮುಚ್ಚಿತು, ಅಕಾರ್ಡಿಯನ್ ಕೈಹಿಡಿಯಿತು. ಪರದೆಯ ಮೇಲೆ ಅವರು ನಗುವುದೇ ಅಪರೂಪ. ಸುತ್ತಲಿನವರೆಲ್ಲ ಹಲ್ಲು ಕಿರಿಯುತ್ತಿದ್ದರೂ ಇವರದು ಗಂಭೀರ ಮುಖ, ಗಡಿಯಾರದಂತೆ ಅಳುಕದ ಲಯ. ನೋಡುಗರನ್ನು ರಂಜಿಸುವುದಕ್ಕಿಂತ ಕುಣಿಯುವವರ ಕಾಲು ತಪ್ಪದಂತೆ ನೋಡಿಕೊಳ್ಳುವುದೇ ಅವರ ಕಾಳಜಿ. 1955ರಲ್ಲಿ ಜನಪ್ರಿಯವಾದ ಅವರ ‘ಬ್ಲೂಬೆಲ್ ಪೋಲ್ಕಾ’ ಧ್ವನಿಮುದ್ರಿಕೆಯಲ್ಲಿ ಈ ಶಿಸ್ತನ್ನು ಕೇಳಬಹುದು. ವಿಮರ್ಶಕರು ಹುಡುಕುತ್ತಿದ್ದ ಗಣಿಕೆಲಸಗಾರ ವೇದಿಕೆಯ ಮೇಲೆ ಕಿಲ್ಟ್ ತೊಟ್ಟು ಕೂತಿದ್ದ! ಅದೇ ಕಾರ್ಯಕ್ರಮದಲ್ಲಿ ರಾಬಿನ್ ಹಾಲ್, ಜಿಮ್ಮಿ ಮೆಗ್ರೆಗರ್ ಜೋಡಿಯ ಜನಪದ ಗೀತೆಗಳೂ ಮನೆಮನೆಗೆ ತಲುಪಿದವು.

ಇನ್ನು ಅಪ್ಪಟತನದ ಮಾತು. ಆಂಡಿ ಸ್ಟೂವರ್ಟರ ‘ಎ ಸ್ಕಾಟಿಷ್ ಸೋಲ್ಜರ್’ ಪರದೇಶದಲ್ಲಿ ಸಾಯುತ್ತಿರುವ ಸೈನಿಕನೊಬ್ಬ ತನ್ನ ಗುಡ್ಡಗಳಿಗಾಗಿ ಹಂಬಲಿಸುವ ಹಾಡು. ಅದರ ಮಟ್ಟು ರೊಸ್ಸೀನಿಯ ‘ವಿಲಿಯಂ ಟೆಲ್’ ಎಂಬ 1829ರ ಸಂಗೀತನಾಟಕದ್ದು. ಕ್ರಿಮಿಯಾ ಯುದ್ಧಕಾಲದಲ್ಲಿ ಜಾನ್ ಮ್ಯಾಕ್ಲಿಯಡ್ ಎಂಬ ಸೇನಾವಾದಕರು ಅದನ್ನು ಬ್ಯಾಗ್‌ಪೈಪಿಗೆ ಅಳವಡಿಸಿದರು. ಅತ್ಯಂತ ‘ಸ್ಕಾಟಿಷ್’ ಎನಿಸಿಕೊಂಡ ಹಾಡೊಂದರ ಮೂಲ ಇಟಲಿಯವನ ಕೃತಿಯಲ್ಲಿದೆ! ಹಾಗೆಂದು ಹಾಡು ಸುಳ್ಳಾಗುವುದಿಲ್ಲ. ತಲೆಮಾರುಗಟ್ಟಲೆ ಆ ಮಟ್ಟಿಗೆ ಹೆಜ್ಜೆ ಹಾಕಿದವರ ಕಾಲು ಅದನ್ನು ಅಲ್ಲಿಯದಾಗಿ ಮಾಡಿತು. ಹಳೆಯದೋ ಹೊಸದೋ, ಸ್ವಂತದ್ದೋ ತಂದದ್ದೋ ಎಂಬುದಕ್ಕಿಂತ ಅದು ಜನರ ಬಳಕೆಯಲ್ಲಿದೆಯೇ ಎಂಬುದೇ ಸರಿಯಾದ ಅಳತೆಗೋಲು.

ನಮ್ಮ ಸಂಘಗಳ ವಾರ್ಷಿಕೋತ್ಸವಕ್ಕೂ ಈ ಅಳತೆಗೋಲು ಸಲ್ಲುತ್ತದೆ. ಇರುಳಿಡೀ ನಡೆಯಬೇಕಾದ ಯಕ್ಷಗಾನ ಪ್ರಸಂಗವನ್ನು ಎರಡು ಗಂಟೆಗೆ ಇಳಿಸಿದಾಗ ಕಿರೀಟದ ಹೊಳಪು ಉಳಿಯುತ್ತದೆ, ಅರ್ಥಗಾರಿಕೆ ಸೊರಗುತ್ತದೆ. ಸಭಾಂಗಣದ ಬಾಡಿಗೆ, ಮರುದಿನದ ಕಚೇರಿ, ಕೊನೆಯ ಲೋಕಲ್ ರೈಲು ಇವೆಲ್ಲ ಇರುವಾಗ ಇದು ಅನಿವಾರ್ಯವೂ ಹೌದು. ಆದರೆ ಆ ಎರಡು ಗಂಟೆ ನೋಡಿದ ಮಗುವೊಂದು ಭಾಗವತರ ಬಳಿ ಹೋಗಿ ತಾಳ ಹೇಳಿಕೊಡಿ ಎಂದರೆ, ಮೊಟಕುಗೊಂಡ ಪ್ರಸಂಗವೂ ಸಾರ್ಥಕ. ಬರೇ ಫೋಟೋ ತೆಗೆದುಕೊಂಡು ಮನೆಗೆ ಹೋದರೆ ಕಳೆದುಕೊಂಡವರು ನಾವೇ.

ಸ್ಕಾಟ್ಲೆಂಡಿನಲ್ಲಿ ಇಂದಿಗೂ ಮದುವೆಗಳಲ್ಲಿ ‘ಕೇಲಿ’ ಎಂಬ ಕುಣಿತದ ಕೂಟ ನಡೆಯುತ್ತದೆ. ಅಜ್ಜಿ ಮೊಮ್ಮಕ್ಕಳು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಅಕಾರ್ಡಿಯನ್ ನುಡಿಯುತ್ತದೆ. ಬಿಳಿ ಹೀದರಿನ ಕೂಟದ ನಗೆಮಾತುಗಳು ಹಳಸಿವೆ, ಉಡುಪಿನ ಠೀವಿ ಈಗ ನಗೆ ತರಿಸುತ್ತದೆ. ಶ್ಯಾಂಡರ ಲಯ ಮಾತ್ರ ಕಾಲಿಂದ ಕಾಲಿಗೆ ದಾಟುತ್ತಲೇ ಇದೆ.