ತೋಟದವನಂತೆ ಕಂಡವನು

ಜಕ್ಕಾಯ ಕುಳ್ಳನಾಗಿದ್ದ ಎಂಬುದನ್ನು ಲೂಕ ಮರೆಯದೆ ಬರೆಯುತ್ತಾನೆ. ಜನಜಂಗುಳಿಯಲ್ಲಿ ಯೇಸು ಕಾಣಿಸದೆ ಅವನು ಮರ ಹತ್ತಿದ ಕಥೆಗೆ ಆ ವಿವರ ಬೇಕಿತ್ತು. ಸ್ನಾನಿಕ ಯೋಹಾನ ಒಂಟೆಯ ರೋಮದ ಬಟ್ಟೆ ತೊಟ್ಟು ಸೊಂಟಕ್ಕೆ ತೊಗಲಿನ ಪಟ್ಟಿ ಬಿಗಿದಿದ್ದ ಎಂದು ಮಾರ್ಕ ಹೇಳುತ್ತಾನೆ. ಯೇಸುವಿನ ಅಂಗಿಗೆ ಹೊಲಿಗೆಯೇ ಇರಲಿಲ್ಲ, ಮೇಲಿನಿಂದ ಕೆಳಗಿನವರೆಗೆ ಒಂದೇ ನೇಯ್ಗೆ ಎಂಬ ಸಂಗತಿ ಯೋಹಾನನ ಸುವಾರ್ತೆಯಲ್ಲಿದೆ. ಇಷ್ಟೆಲ್ಲ ಕಂಡವರು ಆ ಅಂಗಿಯೊಳಗಿದ್ದ ಮನುಷ್ಯನ ಮೈಬಣ್ಣವೇನು, ಎತ್ತರವೆಷ್ಟು, ಕಣ್ಣು ಮೂಗು ಹೇಗಿದ್ದವು ಎಂದು ಒಂದಕ್ಷರ ಆಡಿಲ್ಲ. ರಾಮ ಎಂದರೆ ಆಜಾನುಬಾಹು, ಕೃಷ್ಣ ಎಂದರೆ ನೀಲಮೇಘಶ್ಯಾಮ ಎಂದು ಕೇಳಿ ಬೆಳೆದ ನಮಗೆ ಈ ಮೌನ ವಿಚಿತ್ರವಾಗಿ ತೋರುತ್ತದೆ. ನಾಯಕನ ವರ್ಣನೆಯೇ ಇಲ್ಲದ ಕಥೆಯೆ!

ಆದರೂ ಸಂದುಗಳಲ್ಲಿ ಏನೋ ಸಿಗುತ್ತದೆ. ಗೆತ್ಸೇಮನೆ ತೋಟಕ್ಕೆ ಬಂದ ಆಳುಗಳಿಗೆ ಶಿಷ್ಯರ ನಡುವೆ ಗುರು ಯಾರೆಂದು ಗುರುತಾಗುವಂತಿರಲಿಲ್ಲ. ಯೂದ ಮುತ್ತಿಟ್ಟು ತೋರಿಸಬೇಕಾಯಿತು. ಸಮಾಧಿಯ ಬಳಿ ಅಳುತ್ತ ನಿಂತ ಮಗ್ದಲದ ಮರಿಯ, ತನ್ನ ಮುಂದೆ ನಿಂತವನನ್ನು ತೋಟದವನೆಂದುಕೊಂಡಳು. ಎಮ್ಮಾವಿನ ದಾರಿಯಲ್ಲಿ ಇಬ್ಬರು ಅವನ ಜೊತೆ ಹೆಜ್ಜೆ ಹಾಕಿದರು, ಮಾತಾಡಿದರು, ಗುರುತಿಸಲಿಲ್ಲ. ದೇವಶಾಸ್ತ್ರಜ್ಞರು ಇದಕ್ಕೆ ಬೇರೆ ಅರ್ಥ ಹೇಳುತ್ತಾರೆ, ಹೇಳಲಿ. ನನಗೆ ಇಲ್ಲಿ ರುಚಿಸುವುದು ಒಂದೇ: ಆ ಊರಿನ ತೋಟದವನಿಗೆ ಇರಬಹುದಾಗಿದ್ದ ಮುಖವೇ ಅವನಿಗೂ ಇತ್ತು. ಆ ಸಾಮಾನ್ಯತೆಯನ್ನು ಯಾವ ಚಿತ್ರ ಹಿಡಿಯಿತು, ಯಾವುದು ಕೈಬಿಟ್ಟಿತು ಎಂದು ನೋಡುತ್ತ ಹೋಗುವುದರಲ್ಲಿ ಒಂದು ಸುಖವಿದೆ.

ಮೈಬಣ್ಣದ ಮಾತು ಸಿಗುವುದು ಯಾರೂ ಹುಡುಕದ ಜಾಗದಲ್ಲಿ, ಚರ್ಮದ ಮೇಲಿನ ಮಚ್ಚೆಗಳ ಚರ್ಚೆಯಲ್ಲಿ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯಹೂದಿ ಧರ್ಮಶಾಸ್ತ್ರ ಮಿಶ್ನಾದಲ್ಲಿ ಒಂದು ಪ್ರಶ್ನೆ ಬರುತ್ತದೆ. ಒಂದೇ ಬಿಳಿ ಮಚ್ಚೆ ಜರ್ಮನಿಯವನ ಮೈಮೇಲೆ ಮಂಕಾಗಿಯೂ ಇಥಿಯೋಪಿಯದವನ ಮೈಮೇಲೆ ಎದ್ದುಕಂಡೂ ತೋರುತ್ತದಲ್ಲ, ಹಾಗಾದರೆ ಅಳತೆ ಯಾವುದು? ಯೇಸುವಿನ ನಂತರ ಒಂದೆರಡು ತಲೆಮಾರಿಗೆ ಬಾಳಿದ ರಬ್ಬಿ ಇಷ್ಮಾಯೇಲ್ ಉತ್ತರ ಕೊಡುತ್ತಾನೆ: ಇಸ್ರೇಲಿನ ಜನ ಬಾಕ್ಸ್ ಮರದ ಹಾಗೆ, ಕಪ್ಪೂ ಅಲ್ಲ, ಬಿಳುಪೂ ಅಲ್ಲ, ನಡುವಿನವರು. ಬಾಕ್ಸ್ ಎಂದರೆ ಎಳೆ ಬಿಗಿಯಾದ, ಗಟ್ಟಿಯಾದ ಮರ. ಜುದೇಯದ ಮರುಭೂಮಿಯಲ್ಲಿ ಸಿಕ್ಕ ಪ್ರಾಚೀನ ಬಾಚಣಿಗೆಗಳಲ್ಲಿ ಅನೇಕವು ಇದರವೇ. ಹೊಸದಾಗಿ ಕೊಯ್ದಾಗ ತಿಳಿಹಳದಿ, ಕೈಯಾಡಿ ಎಣ್ಣೆ ಕುಡಿದಂತೆ ಜೇನಿನ ಕಂದು. ಬಡಗಿಯೆಂದು ಹೆಸರಾದವನ ಬಣ್ಣ ಕೊನೆಗೆ ಒಂದು ಮರದಲ್ಲೇ ಸಿಕ್ಕಿತಲ್ಲ ಎಂದು ಓದುವಾಗ ನಗು ಬರುತ್ತದೆ.

ಪಕ್ಕದ ಈಜಿಪ್ಟಿನ ಗುಮಾಸ್ತರೂ ಇದೇ ಸಾಕ್ಷಿ ನುಡಿಯುತ್ತಾರೆ. ಕರಾರು ಪತ್ರಗಳಲ್ಲಿ ಆಳಿನ ಗುರುತಿಗೆಂದು ವಯಸ್ಸು, ಗಾಯದ ಕಲೆ ಬರೆದು, ಜೇನುಬಣ್ಣದವನು ಎಂದು ಮತ್ತೆ ಮತ್ತೆ ಸೇರಿಸುತ್ತಾರೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿದ್ವಾಂಸೆ ಜೋನ್ ಟೇಲರ್ 2018ರಲ್ಲಿ ಈ ವಿಷಯದ ಮೇಲೆಯೇ ಒಂದು ಪುಸ್ತಕ ತಂದರು. ಅಂದಿನ ಗಂಡಸರ ಸರಾಸರಿ ಎತ್ತರ ಸುಮಾರು 166 ಸೆಂಟಿಮೀಟರ್, ಕಪ್ಪಿಗೆ ಹತ್ತಿರದ ಕೂದಲು, ಕಂದು ಕಣ್ಣು, ಎಣ್ಣೆಗೆಂಪಿನ ಮೈ ಎಂಬುದು ಅವರು ಮುಟ್ಟುವ ಅಂದಾಜು. ಗಲಿಲಾಯದ ಬಿಸಿಲಲ್ಲಿ ಊರೂರು ನಡೆದವನಿಗೆ ಇನ್ನೊಂದು ಪದರ ಕಪ್ಪು ಏರಿರಬೇಕು. 2001ರಲ್ಲಿ ರಿಚರ್ಡ್ ನೀವ್ ಎಂಬ ಬ್ರಿಟಿಷ್ ವೈದ್ಯಕೀಯ ಕಲಾವಿದ, ಜೆರುಸಲೇಮಿನಲ್ಲಿ ಸಿಕ್ಕ ಒಂದನೇ ಶತಮಾನದ ತಲೆಬುರುಡೆಯ ಆಧಾರದ ಮೇಲೆ ಬಿಬಿಸಿಗಾಗಿ ಒಂದು ಮುಖ ಕಟ್ಟಿದ. ಅಗಲ ಮುಖ, ಕಪ್ಪು ಮೈ, ಮೊಟಕು ಗುಂಗುರು ಕೂದಲು. ತಪ್ಪು ತಿದ್ದಲು ಉಪಯುಕ್ತ, ಒಪ್ಪುತ್ತೇನೆ. ಆದರೆ ಅದರ ಎದುರು ಎರಡನೇ ನಿಮಿಷ ನಿಲ್ಲಲಾಗುವುದಿಲ್ಲ. ಆ ಕಣ್ಣುಗಳು ಯಾರನ್ನೂ ನೋಡುತ್ತಿಲ್ಲ.

ನಿಲ್ಲಿಸಿಕೊಳ್ಳುವ ಚಿತ್ರ ಸಿರಿಯಾದ್ದು. ಯೂಫ್ರೇಟಿಸ್ ದಂಡೆಯ ದೂರಾ ಯೂರೋಪೋಸ್ ಎಂಬ ಗಡಿಪಟ್ಟಣದಲ್ಲಿ ಒಂದು ಮನೆಯನ್ನೇ ಕ್ರೈಸ್ತರು ಪ್ರಾರ್ಥನಾ ಮಂದಿರ ಮಾಡಿಕೊಂಡಿದ್ದರು. 256ರ ಸುಮಾರಿಗೆ ಪರ್ಷಿಯನ್ನರ ಸೈನ್ಯ ಮುತ್ತಿದಾಗ, ಕೋಟೆಗೋಡೆ ಬಲಪಡಿಸಲೆಂದು ಅದರ ಒಳಮಗ್ಗುಲಿನ ಮನೆಗಳಿಗೆಲ್ಲ ಮಣ್ಣು ತುಂಬಿದರು. ಊರು ಉಳಿಯಲಿಲ್ಲ, ಮಣ್ಣೊಳಗೆ ಗೋಡೆಚಿತ್ರ ಉಳಿಯಿತು. 1930ರ ದಶಕದ ಆರಂಭದ ಉತ್ಖನನದಲ್ಲಿ ಸಿಕ್ಕ ಅದು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಪಾರ್ಶ್ವವಾಯು ಬಡಿದವನೊಬ್ಬ ಮಂಚದ ಮೇಲೆ ಮಲಗಿದ್ದಾನೆ. ಪಕ್ಕದಲ್ಲಿ ಅವನೇ ಮಂಚವನ್ನು ಬೆನ್ನ ಮೇಲೆ ಹೊತ್ತು ನಡೆದುಹೋಗುತ್ತಿದ್ದಾನೆ. ಮೇಲುಗಡೆ ಕೈಚಾಚಿ ನಿಂತವನು ಯೇಸು. ಗಡ್ಡವಿಲ್ಲ, ಉದ್ದ ಕೂದಲಿಲ್ಲ, ತಲೆಯ ಹಿಂದೆ ಪ್ರಭಾವಳಿಯಿಲ್ಲ. ಕಾಲ ಖಚಿತವಾಗಿ ಗೊತ್ತಿರುವ ಯೇಸುಚಿತ್ರಗಳಲ್ಲಿ ಇದಕ್ಕಿಂತ ಹಳೆಯದಿಲ್ಲ. ಕಲಾವಿದ ದೊಡ್ಡ ಕುಶಲಿಯಲ್ಲ. ನಾಲ್ಕು ಗೆರೆ ಎಳೆದು ಮುಂದೆ ಹೋಗಿದ್ದಾನೆ. ಮಂಚ ಹೊತ್ತವನ ಕಾಲಲ್ಲಿ ಮಾತ್ರ ಎಂಥ ಆತುರ! ಗುಣಪಡಿಸಿದವನ ರೂಪಕ್ಕಿಂತ ಗುಣವಾದವನ ನಡಿಗೆಯೇ ಅವನಿಗೆ ಮುಖ್ಯವಾಗಿತ್ತು.

ಗಡ್ಡ, ಇಳಿಬಿದ್ದ ಕೂದಲು ಬಂದದ್ದು ಆಮೇಲೆ. ಗಂಡಸಿಗೆ ಉದ್ದ ಕೂದಲು ಅವಮಾನ ಎಂದು ಕೊರಿಂಥದವರಿಗೆ ಪೌಲ ಬರೆದಿದ್ದ. ಆದರೆ ಸಾಮ್ರಾಜ್ಯದ ಧರ್ಮವಾದ ಮೇಲೆ ಸಿಂಹಾಸನಕ್ಕೊಪ್ಪುವ ಮುಖ ಬೇಕಾಯಿತು. ಗ್ರೀಕರ ಜ್ಯೂಸ್ ದೇವರ ವಿಗ್ರಹ ಕಣ್ಣೆದುರೇ ಇತ್ತು. ಇಟಲಿಯ ರವೆನ್ನಾದಲ್ಲಿ ಸಂತ ಅಪೊಲಿನಾರೆ ನುವೋವೊ ಇಗರ್ಜಿಯ ಒಂದು ಗೋಡೆಯ ಮೊಸಾಯಿಕ್‌ನಲ್ಲಿ ಪವಾಡ ಮಾಡುವ ಯೇಸು ಮೀಸೆ ಚಿಗುರದ ಹುಡುಗ. ಎದುರು ಗೋಡೆಯಲ್ಲಿ ಸಾವಿಗೆ ನಡೆಯುವವನು ಗಡ್ಡದವನು. ಎರಡೂ ಇರಲಿ ಬಿಡಿ ಎಂದು ಆರನೇ ಶತಮಾನದವರು ಸುಮ್ಮನಿದ್ದರು. ಅವರ ಈ ನಿರಾಳ ನನಗೆ ಬಹಳ ಇಷ್ಟ.

ಅದೇ ಶತಮಾನದ ಇನ್ನೊಂದು ಮುಖ ಸೀನಾಯ್ ಬೆಟ್ಟದ ಬುಡದ ಸಂತ ಕ್ಯಾಥರೀನ್ ಮಠದಲ್ಲಿದೆ. ಬಣ್ಣವನ್ನು ಬಿಸಿ ಜೇನುಮೇಣದಲ್ಲಿ ಕದಡಿ ಹಲಗೆಯ ಮೇಲೆ ಬರೆದದ್ದು. ಈಜಿಪ್ಟಿನ ಫಯೂಮಿನಲ್ಲಿ ಸತ್ತವರ ಮುಖಗಳನ್ನು ಮಮ್ಮಿಗಳ ಮೇಲಿಡಲು ಬರೆಯುತ್ತಿದ್ದವರ ವಿದ್ಯೆಯೇ ಇದು. ಮೇಣದ ಗುಣವೇ ಹಾಗೆ, ಬೆಳಕು ಬಣ್ಣದ ಮೇಲೆ ನಿಲ್ಲದೆ ಸ್ವಲ್ಪ ಒಳಗಿಳಿದು ಮರಳುತ್ತದೆ. ಹಾಗಾಗಿ ಚರ್ಮ ಚರ್ಮದಂತೆಯೇ ಕಾಣುತ್ತದೆ. ನೋಡುವವನ ಎಡಕ್ಕೆ ಬರುವ ಅರ್ಧ ಮುಖವನ್ನು ಕೈಯಿಂದ ಮರೆಮಾಡಿ ನೋಡಬೇಕು. ಉಳಿದರ್ಧದಲ್ಲಿ ಹುಬ್ಬು ಮೇಲೇರಿ ಕೊಂಕಿದೆ, ಕೆನ್ನೆಯಲ್ಲಿ ನೆರಳು, ಕಣ್ಣಲ್ಲಿ ವಿಚಾರಣೆ. ಈಗ ಕೈಯನ್ನು ಇನ್ನೊಂದು ಬದಿಗೆ ಸರಿಸಿದರೆ ಹುಬ್ಬು ಸಮ, ಕಣ್ಣು ಶಾಂತ. ಆ ಬದಿಯಲ್ಲೇ ಆಶೀರ್ವಾದದ ಕೈ. ನ್ಯಾಯ ಒಂದು ಕಡೆ, ಕರುಣೆ ಒಂದು ಕಡೆ ಎಂದು ವಿವರಿಸುತ್ತಾರೆ. ವಿವರಣೆ ಸರಿಯೇ, ಆದರೆ ಅದಕ್ಕೂ ಮೊದಲು ಒಂದು ಸರಳ ಸತ್ಯವಿದೆ: ಬದುಕಿದ ಯಾವ ಮನುಷ್ಯನ ಮುಖವೂ ಎರಡು ಬದಿ ಒಂದೇ ಇರುವುದಿಲ್ಲ. ಮೈಬಣ್ಣ ಇಲ್ಲಿ ದಂತದ ಕಡೆಗೆ ವಾಲಿದೆ, ಬಾಕ್ಸ್ ಮರಕ್ಕಿಂತ ಬೆಳ್ಳಗೆ. ಆದರೂ ಆ ದೊಡ್ಡ ಕಪ್ಪು ಕಣ್ಣುಗಳು ಪೂರ್ವದವು.

ನಮ್ಮ ಮನೆಗಳ ಕ್ಯಾಲೆಂಡರಿಗೆ ಬಂದ ಯೇಸು ಬೇರೆ ದಾರಿಯವನು. ಯುರೋಪಿನ ಅಚ್ಚುಚಿತ್ರಗಳ ಸಾಲಿಗೆ 1940ರಲ್ಲಿ ಷಿಕಾಗೋದ ವಾರ್ನರ್ ಸಾಲ್‌ಮನ್ ಬರೆದ ಚಿತ್ರ ಸೇರಿತು. ಹೊಳೆವ ಹಣೆ, ಹೊಂಗಂದು ಕೂದಲು, ಸ್ಟುಡಿಯೋ ಬೆಳಕು. ಕೋಟಿಗಟ್ಟಲೆ ಪ್ರತಿ ಅಚ್ಚಾಯಿತು, ಯುದ್ಧಕ್ಕೆ ಹೊರಟ ಸೈನಿಕರ ಜೇಬಿಗೂ ಹೋಯಿತು. ಅದನ್ನು ನೋಡಿ ಸಮಾಧಾನ ಪಡೆದವರ ಬಗ್ಗೆ ನನಗೆ ತಕರಾರಿಲ್ಲ. ಬಿಸಿಲನ್ನೇ ಕಾಣದ ಆ ಚರ್ಮದ ಬಗ್ಗೆ ಇದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆಗಳಲ್ಲೂ ಯೇಸು ಬೆಳ್ಳಗಿನವನೇ. ಆದರೆ ಅಲ್ಲಿನ ಮಾತು ಬೇರೆ. ಅಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಜೆಸ್ವಿತ್ ಸಹೋದರ 1899ರಿಂದ 1901ರವರೆಗೆ ಅಟ್ಟಣೆ ಹತ್ತಿ ಇಳಿದು ಬರೆದ ಚಿತ್ರಗಳವು. ಹಸಿ ಗಾರೆ ಒಣಗುವ ಮೊದಲು ಬಣ್ಣ ಹಾಕಿ ಮುಗಿಸಬೇಕಾದ ಕೆಲಸ. ಬರ್ಗಮೋ ಸೀಮೆಯಿಂದ ಬಂದವನು ತಾನು ಬಲ್ಲ ಮುಖಗಳನ್ನು ಬರೆದ. ಬೆಂಗಳೂರಿನ ಹೊರಗೆ ಸಿಲ್ವೇಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ಮುಂದೆ ತಾವು ಬಲ್ಲ ನೆಲದ ಬಣ್ಣಗಳಲ್ಲಿ ಬರೆದದ್ದೂ ಇದೇ ನ್ಯಾಯಕ್ಕೆ.

ಬಲ್ಲ ಮುಖವೂ ನಿಜದ ಮುಖವೂ ಒಂದಕ್ಕೊಂದು ತೀರ ಹತ್ತಿರ ಬಂದದ್ದು ಆಮ್‌ಸ್ಟರ್‌ಡಾಮಿನ ಒಂದು ಮನೆಯಲ್ಲಿ ಎಂದು ನನಗನ್ನಿಸುತ್ತದೆ. 1639ರಲ್ಲಿ ರೆಂಬ್ರಾಂಟ್ ಕೊಂಡ ಆ ಮನೆಯ ಸುತ್ತ ಸ್ಪೇನ್, ಪೋರ್ಚುಗಲ್‌ಗಳಿಂದ ತಪ್ಪಿಸಿಕೊಂಡು ಬಂದ ಯಹೂದಿಗಳ ವಸತಿ. ಮಾರುಕಟ್ಟೆಯಲ್ಲಿ ಆಗ ಮಾನ್ಯವಾಗಿದ್ದದ್ದು ಲೆಂಟುಲಸ್ ಎಂಬ ರೋಮನ್ ಅಧಿಕಾರಿಯದೆಂಬ ಪತ್ರ: ಯೇಸುವಿನ ಕೂದಲು ಹಣ್ಣಾದ ಹೇಜಲ್ ಕಾಯಿಯ ಬಣ್ಣ, ಮುಖದಲ್ಲಿ ಒಂದು ಕಲೆಯಿಲ್ಲ, ಹೀಗೆ. ಮಧ್ಯಯುಗದಲ್ಲಿ ಯಾರೋ ಹುಟ್ಟಿಸಿದ ನಕಲಿ ಪತ್ರ ಅದು. ರೆಂಬ್ರಾಂಟ್ ಅದನ್ನು ಬದಿಗಿಟ್ಟ. ಅಕ್ಕಪಕ್ಕದ ಒಬ್ಬ ಯಹೂದಿ ಯುವಕನನ್ನು ಕೂರಿಸಿಕೊಂಡನೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಅವನೂ ಅವನ ಶಿಷ್ಯರೂ ಸಣ್ಣ ಓಕ್ ಹಲಗೆಗಳ ಮೇಲೆ ಆ ತಲೆಯನ್ನು ಮತ್ತೆ ಮತ್ತೆ ಬರೆದರು. ಬರ್ಲಿನ್ನಿನಲ್ಲಿರುವುದು ಒಂದು ಗೇಣಿಗಿಂತ ತುಸು ಎತ್ತರ, ಅಷ್ಟೇ. ಕಪ್ಪಿಗೆ ತಿರುಗುವ ಕಂದು ಕೂದಲು, ಮೊಟಕು ಗಡ್ಡ, ಕಂದು ಬಟ್ಟೆ, ಹಿನ್ನೆಲೆಯೂ ಕಂದೇ. ಮೈಬಣ್ಣ ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಯಿತೆಂದು ಹೇಳಲಾಗದು. ದೃಷ್ಟಿ ನಮ್ಮ ಮೇಲಿಲ್ಲ. ಯಾರೋ ಏನೋ ಹೇಳುತ್ತಿದ್ದಾರೆ, ಇವನು ಕೇಳಿಸಿಕೊಳ್ಳುತ್ತಿದ್ದಾನೆ. ಅಷ್ಟು ಶತಮಾನಗಳ ಚಿತ್ರಗಳಲ್ಲಿ ಹರಸಿದ, ಬೋಧಿಸಿದ, ನರಳಿದ ಯೇಸು ಇಲ್ಲಿ ಸುಮ್ಮನೆ ಕೇಳುತ್ತಾನೆ.

1656ರಲ್ಲಿ ರೆಂಬ್ರಾಂಟ್ ದಿವಾಳಿಯಾದ. ಅಧಿಕಾರಿಗಳು ಮನೆಗೆ ಬಂದು ಕೋಣೆ ಕೋಣೆಯ ಸಾಮಾನು ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ, ಸತ್ತು ಹದಿನಾರು ಶತಮಾನ ಕಳೆದವನ ಚಿತ್ರದ ಎದುರು, ಯಾವ ಅಳುಕೂ ಇಲ್ಲದೆ ಒಂದು ಸಾಲು ಇದೆ: ಕ್ರಿಸ್ತನ ತಲೆ, ಕೂತವನನ್ನು ನೋಡಿ ಬರೆದದ್ದು. ಸಾಲ ತೀರಿಸಲು ಹರಾಜಿಗೆ ಹೋಗಬೇಕಾಗಿದ್ದ ಬಾಬುಗಳಲ್ಲಿ ಅದೂ ಒಂದು.